ಕಲಿತ ನುಡಿಯಲ್ಲಿ ಬರೆದ ಮೊದಲ ಕಾದಂಬರಿ

ಬಾನುಲಿ ಕೇಳುಗರಿಗೆ ನಮಸ್ಕಾರ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಗುರುತಿಸುತ್ತೇವೆ. ಬಾಲವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವ ಕಥೆ ಅದರಲ್ಲಿರುವುದರಿಂದ, ಸಮಾಜ ಸುಧಾರಣೆಯ ಪುಸ್ತಕವೆಂದು ಗೌರವಿಸಿ ಬದಿಗಿಡುವುದೂ ರೂಢಿಯಾಗಿದೆ. ನನಗೆ ಅದು, ಭಾಷೆಗೂ ಮನುಷ್ಯ ತನ್ನನ್ನು ತಾನು ಕಂಡುಕೊಳ್ಳುವ ಬಗೆಗೂ ಇರುವ ನಂಟನ್ನು ಹೊತ್ತಿರುವ ವಿಲಕ್ಷಣ ಕೃತಿಯಾಗಿ ಕಾಣುತ್ತದೆ.

ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ವೆಂಕಟರಾಯರ ಮನೆಮಾತು ಕೊಂಕಣಿ. ಪೇಟೆಯಲ್ಲಿ ತುಳು, ಶಾಲೆ ಕಚೇರಿಗಳಲ್ಲಿ ಕನ್ನಡ, ಮೇಲಧಿಕಾರಿಗಳೊಡನೆ ಇಂಗ್ಲಿಷ್ ನಡೆಯುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅವರು ತಮ್ಮ ಸಾರಸ್ವತ ಸಮಾಜದ ಒಳಮನೆಯ ಕಥೆಯನ್ನು ಹೇಳಲು ಆರಿಸಿಕೊಂಡದ್ದು ಕನ್ನಡವನ್ನು. ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಗಿ ಆಗ ಐದೇ ವರ್ಷಗಳಾಗಿದ್ದವು. ಕನ್ನಡದ ಓದುಗರು ಆವರೆಗೆ ಓದುತ್ತಿದ್ದ ಕಾದಂಬರಿಗಳಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದಂಥವೇ ಪ್ರಮುಖವಾಗಿದ್ದವು. ತನ್ನ ಸುತ್ತಲಿನ ಮನೆಗಳನ್ನೇ ಬರೆಯಬಹುದೆಂಬ ಧೈರ್ಯ ಹೊಸದು.

ಆ ಧೈರ್ಯಕ್ಕೆ ಕನ್ನಡವೂ ಒಂದು ಕಾರಣವೆಂದು ನಾನು ನಂಬುತ್ತೇನೆ. ಮನೆಯ ನುಡಿಯಲ್ಲಿ ಹಿರಿಯರ ಭಯ, ನೆಂಟರ ದಾಕ್ಷಿಣ್ಯ ಎಲ್ಲವೂ ಬೆರೆತಿರುತ್ತವೆ. ಕಲಿತ ನುಡಿಯಲ್ಲಿ ನಿಂತವನಿಗೆ ತನ್ನವರನ್ನು ತುಸು ದೂರದಿಂದ ನೋಡಲು ಜಾಗ ಸಿಗುತ್ತದೆ. ಭಕ್ತಿಯ ಹೆಸರಿನಲ್ಲಿ ನಡೆಯುವ ಕಪಟವನ್ನೂ ಅದಕ್ಕೆ ಮಾರುಹೋದ, ನಾಯಕಿ ಇಂದಿರೆಯ ಹೆತ್ತವರಾದ ಭೀಮರಾಯ ಅಂಬಾಬಾಯಿ ದಂಪತಿಯನ್ನೂ ವೆಂಕಟರಾಯರು ಅಷ್ಟು ನಿಷ್ಠುರವಾಗಿ ಚಿತ್ರಿಸಲು ಸಾಧ್ಯವಾದದ್ದು ಈ ದೂರದಿಂದ. ಇಂದಿರೆಯದೂ ಇದೇ ದಾರಿ. ಹೆತ್ತವರು ವಿಧವೆಯೆಂದು ಕಟ್ಟಿಕೊಟ್ಟ ಬದುಕನ್ನು ಬಿಟ್ಟು ಅಮೃತರಾಯರ ಮನೆಯ ಆಸರೆ ಪಡೆಯುವ ಅವಳು, ಓದಿನ ಮೂಲಕ ಬೇರೊಬ್ಬಳಾಗುತ್ತಾಳೆ. ಭಾಸ್ಕರನೊಡನೆ ಆಗುವ ಮದುವೆಗಿಂತ ಈ ಬದಲಾವಣೆಯೇ ನನಗೆ ಹೆಚ್ಚಿನದು.

ಆದರೆ ಆ ದೂರಕ್ಕೆ ಬೆಲೆಯೂ ಇದೆ. ಅಂಬಾಬಾಯಿಯ ಸಿಟ್ಟು, ಅವಳ ದುಃಖ, ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಆಡುವಂಥ ಮಾತು ನಮಗೆ ಕೊಂಕಣಿಯಲ್ಲಿ ಕೇಳಿಸುವುದಿಲ್ಲ. ತನ್ನ ಮಾತಿನಲ್ಲೇ ಅವಳಿಗೆ ಬಾಯಿ ಕೊಟ್ಟಿದ್ದರೆ, ಇಷ್ಟು ಸುಲಭವಾಗಿ ನಾವು ಅವಳನ್ನು ದೂಷಿಸುತ್ತಿರಲಿಲ್ಲವೇನೋ. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಈ ಕಾದಂಬರಿಯನ್ನು ಓದುವ ಕೊಂಕಣಿ ಮನೆಮಾತಿನ ವಿದ್ಯಾರ್ಥಿಗಳು ತಾಯಿ ಮಗಳ ಮಾತುಗಳನ್ನು ತಮ್ಮ ನುಡಿಯಲ್ಲಿ ಒಮ್ಮೆ ಗಟ್ಟಿಯಾಗಿ ಆಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.