ಮ್ಯಾಕ್ ಮಿಲ್ಲರ್ ‘ಸರ್ಕಲ್ಸ್’: ರ್‍ಯಾಪರ್ ಹೋದ ಮೇಲೆ ಅವನ ಆಲ್ಬಂ ಮುಗಿಸೋದು ಹೇಗೆ?

[ಸ್ಕ್ರೀನ್: ಕಪ್ಪು ಹಿನ್ನೆಲೆ, ದಿನಾಂಕ ಮಾತ್ರ]

2020ರ ಜನವರಿ 8. ಅಮೆರಿಕದ ರ್‍ಯಾಪರ್ ಮ್ಯಾಕ್ ಮಿಲ್ಲರ್‌ನ ಇನ್‌ಸ್ಟಾಗ್ರಾಂನಲ್ಲಿ ಒಂದು ಹೊಸ ಪೋಸ್ಟ್ ಬಂತು. ಅಷ್ಟೊತ್ತಿಗೆ ಅವನು ತೀರಿಕೊಂಡು ಹದಿನಾರು ತಿಂಗಳಾಗಿತ್ತು. ಬರೆದಿದ್ದು ಅವನ ಮನೆಯವರು. ಅವನು ಹೋಗುವಾಗ ಒಂದು ಆಲ್ಬಂ ಕೆಲಸ ನಡೀತಿತ್ತು, ಹೆಸರು ‘ಸರ್ಕಲ್ಸ್’, ಇನ್ನು ಒಂಬತ್ತು ದಿನಕ್ಕೆ ಬಿಡುಗಡೆ ಅಂತ. ಜೊತೆಗೆ ಇನ್ನೊಂದು ಮಾತೂ ಇತ್ತು: ಇಂಥ ಕೆಲಸದಲ್ಲಿ ಇದೇ ಸರಿ ಅನ್ನೋ ಉತ್ತರ ಇಲ್ಲ, ಆದ್ರೆ ಜನ ಇದನ್ನ ಕೇಳಬೇಕು ಅನ್ನೋದು ಅವನಿಗೆ ಮುಖ್ಯವಾಗಿತ್ತು, ಅಷ್ಟು ಮಾತ್ರ ನಮಗೆ ಗೊತ್ತು.

ನಮಸ್ಕಾರ. ಹಿಪ್ ಹಾಪ್‌ನಲ್ಲಿ ಕಲಾವಿದ ಸತ್ತ ಮೇಲೆ ಬಂದ ಆಲ್ಬಂಗಳಿಗೆ ಲೆಕ್ಕವೇ ಇಲ್ಲ. ಅದರಲ್ಲಿ ‘ಸರ್ಕಲ್ಸ್’ ಯಾಕೆ ಬೇರೆ ಅಂತ ಇವತ್ತು ಬಿಡಿಸಿ ಹೇಳ್ತೀನಿ.

[ಫೋಟೋ: ಪಿಟ್ಸ್‌ಬರ್ಗ್, ಫ್ರಿಕ್ ಪಾರ್ಕ್‌ನ ನೀಲಿ ಜಾರುಬಂಡೆ]

ಮ್ಯಾಕ್‌ನ ನಿಜವಾದ ಹೆಸರು ಮಾಲ್ಕಮ್ ಮೆಕಾರ್ಮಿಕ್, ಊರು ಪಿಟ್ಸ್‌ಬರ್ಗ್. ಮೊದಲ ಆಲ್ಬಂಗೆ ಅವನು ಇಟ್ಟಿದ್ದು ಊರಿನ ಇದೇ ಆಟದ ಜಾಗದ ಹೆಸರು, ‘ಬ್ಲೂ ಸ್ಲೈಡ್ ಪಾರ್ಕ್’. 2011ರಲ್ಲಿ ಅದು ದೊಡ್ಡ ಕಂಪನಿಯ ಬೆಂಬಲ ಇಲ್ಲದೆ ಅಮೆರಿಕದ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಆಗ ಅವನಿಗೆ ಹತ್ತೊಂಬತ್ತು ವರ್ಷ. ಮುಂದೆ ಹೆಸರು ಬೆಳೀತು, ಡ್ರಗ್ಸ್ ಕಾಟವೂ ಬೆಳೀತು. ಅದನ್ನ ಅವನು ಮುಚ್ಚಿಡಲಿಲ್ಲ, ಹಾಡುಗಳಲ್ಲೇ ಹೇಳಿಕೊಂಡ. 2018ರ ಆಗಸ್ಟ್ 3ಕ್ಕೆ ‘ಸ್ವಿಮ್ಮಿಂಗ್’ ಆಲ್ಬಂ ಬಂತು. ಸೆಪ್ಟೆಂಬರ್ 7ರಂದು ಲಾಸ್ ಏಂಜಲೀಸ್‌ನ ಮನೆಯಲ್ಲಿ ಅವನು ಸತ್ತ. ಕಾರಣ ಫೆಂಟಾನಿಲ್ ಅನ್ನೋ ತೀವ್ರ ನೋವುನಿವಾರಕ, ಕೊಕೇನ್, ಮದ್ಯ ಮೂರೂ ಸೇರಿದ ಓವರ್‌ಡೋಸ್, ಬೇಕಂತ ಮಾಡಿಕೊಂಡಿದ್ದಲ್ಲ. ಇಪ್ಪತ್ತಾರು ವರ್ಷ, ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಸತ್ತ ಮೇಲೆ ಬರೋ ಆಲ್ಬಂಗಳೆಲ್ಲಾ ಒಂದೇ ಥರ ಅಲ್ಲ. ರ್‍ಯಾಪರ್ ದಿ ನಟೋರಿಯಸ್ ಬಿ.ಐ.ಜಿ. ಗುಂಡೇಟಿಗೆ ಬಲಿಯಾಗಿದ್ದು 1997ರ ಮಾರ್ಚ್ 9ಕ್ಕೆ. ಹದಿನಾರು ದಿನ ಆದ ಮೇಲೆ ‘ಲೈಫ್ ಆಫ್ಟರ್ ಡೆತ್’ ಬಂತು. ಅದು ಅವನೇ ಮುಗಿಸಿದ ಆಲ್ಬಂ, ಆ ಹೆಸರೂ ಮೊದಲೇ ಇಟ್ಟಿದ್ದೇ. ಅಲ್ಲಿ ಯಾರಿಗೂ ಅನುಮಾನ ಬರಲ್ಲ.

ಇನ್ನೊಬ್ಬ ರ್‍ಯಾಪರ್ ಟುಪಾಕ್ ಕಥೆ ಬೇರೆ. 1996ರ ಸೆಪ್ಟೆಂಬರ್‌ನಲ್ಲಿ ಅವನು ಸತ್ತಾಗ, ಮಕಾವೆಲಿ ಅನ್ನೋ ಹೆಸರಲ್ಲಿ ತಾನೇ ಮಾಡಿಟ್ಟಿದ್ದ ಆಲ್ಬಂ ನವೆಂಬರ್‌ನಲ್ಲಿ ಬಂತು. ಅದು ಅವನದೇ. ಆಮೇಲೆ ಹತ್ತು ವರ್ಷ ಉಳಿದ ರೆಕಾರ್ಡಿಂಗ್‌ಗಳನ್ನ ತೆಗೆದು ತೆಗೆದು ಹೊಸ ಬೀಟ್, ಅಂದ್ರೆ ಹಿನ್ನೆಲೆ ತಾಳ-ಸಂಗೀತ ಹಾಕಿ ಬಿಟ್ರು. 2004ರ ‘ಲಾಯಲ್ ಟು ದ ಗೇಮ್’ ನೋಡಿ. ಪ್ರೊಡ್ಯೂಸ್ ಮಾಡಿದ್ದು ರ್‍ಯಾಪರ್ ಎಮಿನೆಮ್. ಬೀಟ್‌ಗೆ ಹೊಂದಿಸೋಕೆ ಟುಪಾಕ್ ದನಿಯ ವೇಗ, ಪಿಚ್ (ಸ್ವರದ ಏರಿಳಿತ) ಎರಡನ್ನೂ ಬದಲಾಯಿಸಿದ್ರು. ಅದರಲ್ಲಿರೋ ‘ಘೆಟ್ಟೋ ಗಾಸ್ಪೆಲ್’ನಲ್ಲಿ ಗಾಯಕ ಎಲ್ಟನ್ ಜಾನ್ ಹಾಡಿನ ಸ್ಯಾಂಪಲ್, ಅಂದ್ರೆ ಒಂದು ತುಣುಕು ಇದೆ, 2005ರಲ್ಲಿ ಅದು ಬ್ರಿಟನ್‌ನಲ್ಲಿ ನಂಬರ್ ಒನ್ ಕೂಡ ಆಯ್ತು. ಹಾಡು ಗೆದ್ದಿದ್ದು ನಿಜ. ಆದ್ರೆ ಆ ಆಲ್ಬಂ ಕೇಳುವಾಗ ಟುಪಾಕ್ ನನಗೆ ಅತಿಥಿ ಥರ ಕಾಣ್ತಾನೆ, ಅದೂ ತನ್ನದೇ ಮನೆಯಲ್ಲಿ. ಒಬ್ಬ ರ್‍ಯಾಪರ್‌ಗೆ ಅವನ ಉಸಿರು, ಎಲ್ಲಿ ನಿಲ್ಲಬೇಕು, ಎಲ್ಲಿ ಬೀಟ್‌ಗಿಂತ ಚೂರು ಹಿಂದೆ ಬೀಳಬೇಕು ಅನ್ನೋದೇ ಸಹಿ. ಅದನ್ನೇ ಎಳೆದಾಡಿದ್ರೆ ಏನು ಉಳಿಯುತ್ತೆ ಹೇಳಿ?

ಈ ಭಯ ಕಲಾವಿದರಿಗೂ ಇದೆ. ಅಮೆರಿಕದ ಗಾಯಕ, ರ್‍ಯಾಪರ್ ಆಂಡರ್ಸನ್ .ಪಾಕ್ 2021ರಲ್ಲಿ ಕೈ ಮೇಲೆ ಟ್ಯಾಟೂವನ್ನೇ ಹಾಕಿಸಿಕೊಂಡ: ನಾನು ಹೋದ ಮೇಲೆ ನನ್ನ ಹೆಸರಲ್ಲಿ ಆಲ್ಬಂ ಬಿಡಬೇಡಿ, ಉಳಿದಿರೋವೆಲ್ಲಾ ಬರೀ ಡೆಮೊಗಳು, ಅಂದ್ರೆ ಕರಡು ರೆಕಾರ್ಡಿಂಗ್‌ಗಳು ಅಂತ.

[ಸ್ಕ್ರೀನ್: ‘ಸ್ವಿಮ್ಮಿಂಗ್’, ‘ಸರ್ಕಲ್ಸ್’ ಕವರ್‌ಗಳು ಅಕ್ಕಪಕ್ಕ]

‘ಸರ್ಕಲ್ಸ್’ ಹಾಗೆ ಹೆಕ್ಕಿ ಜೋಡಿಸಿದ್ದಲ್ಲ. ‘ಸ್ವಿಮ್ಮಿಂಗ್’ ಜೊತೆಗೇ ಯೋಚಿಸಿದ್ದ ಜೋಡಿ ಆಲ್ಬಂ ಅದು. ಎರಡೂ ಹೆಸರು ಸೇರಿಸಿ ಓದಿ, ‘ಸ್ವಿಮ್ಮಿಂಗ್ ಇನ್ ಸರ್ಕಲ್ಸ್’, ಅಂದ್ರೆ ಸುತ್ತು ಸುತ್ತಾಗಿ ಈಜೋದು. ಒಂದರಲ್ಲಿ ರ್‍ಯಾಪ್ ಜಾಸ್ತಿ, ಇನ್ನೊಂದರಲ್ಲಿ ಹಾಡುಗಾರಿಕೆ ಜಾಸ್ತಿ. ಜೊತೆಗಿದ್ದವರು ಜಾನ್ ಬ್ರಿಯಾನ್. ಸಿನಿಮಾ ಸಂಗೀತ ಮಾಡಿದವರು, ಗಾಯಕಿ ಫಿಯೋನಾ ಆಪಲ್ ಜೊತೆ ಕೆಲಸ ಮಾಡಿದವರು, ರ್‍ಯಾಪರ್ ಕಾನ್ಯೆ ವೆಸ್ಟ್‌ನ ‘ಲೇಟ್ ರಿಜಿಸ್ಟ್ರೇಷನ್’ ಆಲ್ಬಂನಲ್ಲೂ ಕೈ ಇಟ್ಟವರು. ಮ್ಯಾಕ್ ಕೆಲವು ಹಾಡುಗಳನ್ನ, ಅಂದ್ರೆ ರ್‍ಯಾಪ್ ಅಲ್ಲದ ಮೆತ್ತನೆ ಹಾಡುಗಳನ್ನ ಕೇಳಿಸಿದಾಗ, ಬ್ರಿಯಾನ್ ಇದನ್ನ ಮುಂದುವರಿಸು ಅಂತ ಹುರಿದುಂಬಿಸಿದ್ರು. ಇಬ್ಬರೂ ಕೂತು ಮಾತಾಡಿದ್ರು, ನುಡಿಸಿದ್ರು.

ಮ್ಯಾಕ್ ಹೋದ ಮೇಲೆ ಮನೆಯವರು ಈ ಕೆಲಸವನ್ನ ಬ್ರಿಯಾನ್ ಕೈಗೆ ಕೊಟ್ರು. ನನ್ನ ಪ್ರಕಾರ ಇಡೀ ಆಲ್ಬಂನ ಹಣೆಬರಹ ನಿರ್ಧಾರ ಆಗಿದ್ದು ಇಲ್ಲೇ. ಬಂದಿದ್ದು ಹೊರಗಿನವರಲ್ಲ, ಮ್ಯಾಕ್ ಬದುಕಿದ್ದಾಗಲೇ ಆ ರೂಮಿನಲ್ಲಿ ಇದ್ದವರು. ಚುಕ್ಕಿ ಇಟ್ಟು ಎದ್ದುಹೋದವರ ರಂಗೋಲಿಗೆ ಎಳೆ ಎಳೆಯೋ ಕೆಲಸ ಇದು. ಎಳೆ ಹೇಗೆ ಬೇಕಾದ್ರೂ ಹೋಗಬಹುದು, ಆದ್ರೆ ಹೊಸ ಚುಕ್ಕಿ ಇಡೋ ಹಾಗಿಲ್ಲ.

ಬ್ರಿಯಾನ್ ಇಡಲಿಲ್ಲ. ಹನ್ನೆರಡು ಹಾಡುಗಳ ಆಲ್ಬಂ, ಎದ್ದು ಕಾಣೋ ಹೊರಗಿನ ದನಿ ‘ಹ್ಯಾಂಡ್ ಮಿ ಡೌನ್ಸ್’ನಲ್ಲಿರೋ ಗಾಯಕ ಬಾರೊ ಸುರಾದು ಮಾತ್ರ. ಆಗಿನ ಕಾಲಕ್ಕೆ ಇದು ಎಷ್ಟು ದೊಡ್ಡ ನಿರ್ಧಾರ ಅಂದ್ರೆ, ರ್‍ಯಾಪರ್ ಪಾಪ್ ಸ್ಮೋಕ್ ಸತ್ತ ಮೇಲೆ 2020ರ ಜುಲೈನಲ್ಲಿ ಬಂದ ಅವನ ಆಲ್ಬಂ ನೋಡಿ: ಕ್ವೇವೊ, ಫ್ಯೂಚರ್, ಡಾಬೇಬಿ, ಹೀಗೆ ಸಾಲು ಸಾಲು ಸ್ಟಾರ್‌ಗಳು. ಮಾರಾಟಕ್ಕೆ ಅದೇ ಸುಲಭದ ದಾರಿ. ‘ಸರ್ಕಲ್ಸ್’ ಆ ದಾರಿ ಹಿಡಿಯಲಿಲ್ಲ, ಆದ್ರೂ ಬಿಲ್‌ಬೋರ್ಡ್‌ನಲ್ಲಿ ಮೂರನೇ ಸ್ಥಾನಕ್ಕೇ ಬಂತು.

‘ಗುಡ್ ನ್ಯೂಸ್’ ಹಾಡನ್ನೇ ತಗೊಳ್ಳಿ. ಐದೂವರೆ ನಿಮಿಷಕ್ಕೂ ಜಾಸ್ತಿ ಇದೆ. ತಂತಿ ಮೀಟಿದ ಸಣ್ಣ ಸದ್ದು, ಹಗುರ ತಾಳ, ಅದರ ಮೇಲೆ ಸುಸ್ತಾದ ಒಂದು ದನಿ. ಎಲ್ಲರಿಗೂ ನನ್ನಿಂದ ಒಳ್ಳೆ ಸುದ್ದಿನೇ ಬೇಕು, ನಾನು ಕುಗ್ಗಿದ್ರೆ ಯಾರಿಗೂ ಇಷ್ಟ ಆಗಲ್ಲ ಅನ್ನೋದು ಅದರ ಸಾರ. ಇಲ್ಲಿ ವಯಲಿನ್ ತುಂಬಿಸಿ ಅಳಿಸೋದು ಬಲು ಸುಲಭವಿತ್ತು. ಹಾಗೆ ಮಾಡಲಿಲ್ಲ. ಕೊನೆಯ ಹಾಡು ‘ವನ್ಸ್ ಎ ಡೇ’ಯಲ್ಲಂತೂ ಕೀಬೋರ್ಡ್ ಮತ್ತು ಅವನ ದನಿ ಬಿಟ್ರೆ ಹೆಚ್ಚೇನೂ ಇಲ್ಲ.

ಒಂದು ಎಚ್ಚರಿಕೆ. ಈ ಹಾಡುಗಳಲ್ಲಿ ಸಾವಿನ ಮುನ್ಸೂಚನೆ ಹುಡುಕಬೇಡಿ. ಇಂಟರ್ನೆಟ್ ತುಂಬಾ ಅಂಥ ವ್ಯಾಖ್ಯಾನಗಳೇ. ಮ್ಯಾಕ್ ಅಕ್ಟೋಬರ್‌ನಲ್ಲಿ ಟೂರ್ ಹೊರಡೋನಿದ್ದ, ಮುಂದಿನ ಆಲ್ಬಂ ಕಟ್ತಿದ್ದ. ಇದು ಬದುಕೋಕೆ ತಯಾರಾಗ್ತಿದ್ದ ಹುಡುಗನ ಕೆಲಸ, ಹಾಗೇ ಕೇಳಿದ್ರೆ ಅವನಿಗೆ ನ್ಯಾಯ.

[ಸ್ಕ್ರೀನ್: ‘ಬಲೂನರಿಸಂ’ ಕವರ್]

2025ರ ಜನವರಿ 17ಕ್ಕೆ, ‘ಸರ್ಕಲ್ಸ್’ ಬಂದು ಸರಿಯಾಗಿ ಐದು ವರ್ಷಕ್ಕೆ, ಮನೆಯವರು ‘ಬಲೂನರಿಸಂ’ ಬಿಟ್ರು. ಅದು 2014ರ ಆಸುಪಾಸಿನ ರೆಕಾರ್ಡಿಂಗ್, ಕದ್ದ ಕಾಪಿಗಳು ಅದಾಗಲೇ ಆನ್‌ಲೈನ್‌ನಲ್ಲಿ ಓಡಾಡ್ತಿದ್ವು. ಎರಡು ಆಲ್ಬಂ ನಡುವೆ ಐದು ವರ್ಷ ಕಾದಿದ್ದಾರೆ ಅನ್ನೋದನ್ನ ಗಮನಿಸಿ. ಇರೋದನ್ನೆಲ್ಲಾ ಒಟ್ಟಿಗೆ ಸುರಿಯಲಿಲ್ಲ.

ಮೊದಲ ಸಲ ಕೇಳೋರು ‘ಸ್ವಿಮ್ಮಿಂಗ್’ನಿಂದ ಶುರು ಮಾಡಿ, ಮುಗಿದ ಮೇಲೆ ‘ಸರ್ಕಲ್ಸ್’ಗೆ ಬನ್ನಿ, ಹಾಡುಗಳ ಕ್ರಮ ಬದಲಾಯಿಸಬೇಡಿ, ಶಫಲ್ ಆಫ್ ಇರಲಿ. ಟುಪಾಕ್‌ನ ಮಕಾವೆಲಿ ಆಲ್ಬಂ ಮತ್ತು ‘ಲಾಯಲ್ ಟು ದ ಗೇಮ್’ ಎರಡನ್ನೂ ಒಂದರ ಹಿಂದೊಂದು ಕೇಳಿ, ದನಿಯಲ್ಲಿ ಏನು ವ್ಯತ್ಯಾಸ ಕಾಣ್ತು ಅಂತ ಕಾಮೆಂಟ್‌ನಲ್ಲಿ ಬರೀರಿ, ನಾನು ಓದ್ತೀನಿ.