ಬಾನೆಟ್ ಆಮೇಲೆ, ಮೊದಲು ಏಣಿ ತನ್ನಿ

“ಗಾಡಿ ಓಡೇ ಇಲ್ಲ ಸಾರ್. ಎಂಟು ವರ್ಷದಿಂದ ನಿಂತ ಜಾಗದಲ್ಲೇ ಇದೆ. ಮೀಟರ್ ನೋಡಿ, ಬರೀ 20 ಸಾವಿರ ಕಿಲೋಮೀಟರ್!”

ಹಳೆಯ ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿ, ಮಾರುವವರು ಇಂಥ ಮಾತನ್ನು ಹೆಮ್ಮೆಯಿಂದ ಹೇಳುತ್ತಾರೆ. ಕೊಳ್ಳಲು ಬಂದವರ ಮುಖವೂ ಅರಳುತ್ತದೆ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ದಿನಾ ಓಡುವ ಗಾಡಿಯ ಸವೆತ ಕಣ್ಣಿಗೆ ಕಾಣುತ್ತದೆ, ಓಡಿಸುವವರ ಕಿವಿಗೂ ಬೀಳುತ್ತದೆ, ಆಗಾಗ ರಿಪೇರಿಯೂ ಆಗಿರುತ್ತದೆ. ನಿಂತ ಗಾಡಿ ಹಾಗಲ್ಲ. ಅದು ಸದ್ದಿಲ್ಲದೆ ಹಾಳಾಗುತ್ತದೆ. ಅದಕ್ಕೇ ಹೇಳುತ್ತೇನೆ, ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದೆ ಅಂತ ಒಂದು ಬಿಡಿಗಾಸೂ ಜಾಸ್ತಿ ಕೊಡಬೇಡಿ.

ಹೆಚ್ಚಿನವರು ಹೋದ ತಕ್ಷಣ ಬಾನೆಟ್ ತೆಗೆಸುತ್ತಾರೆ. ನಾನು ಏಣಿ ಕೇಳುತ್ತೇನೆ. ಮೋಟರ್‌ಹೋಮ್ ಬರೀ ಗಾಡಿಯಲ್ಲ, ಅದೊಂದು ಮನೆ. ಎಂಜಿನ್ ಕೆಟ್ಟರೆ ಇಳಿಸಿ ರಿಪೇರಿ ಮಾಡಬಹುದು, ಬೇರೆಯದನ್ನೇ ಕೂರಿಸಬಹುದು. ಗೋಡೆಯೊಳಗಿನ ಮರ ಲಡ್ಡು ಹಿಡಿದರೆ ಮನೆಯನ್ನೇ ಬಿಚ್ಚಬೇಕು.

ನೀರು ಒಳಗೆ ಬರುವುದು ಹೇಗೆ? ಛಾವಣಿಯ ಮೇಲೆ ಗಾಳಿಕಿಂಡಿ, ಏಸಿ, ಆಂಟೆನಾ, ಸೋಲಾರ್ ಪ್ಯಾನೆಲ್ ಅಂತ ಏನೇನೋ ಕೂರಿಸಿರುತ್ತಾರೆ. ಅದಕ್ಕೆಲ್ಲ ಛಾವಣಿ ಕೊರೆದು, ಸುತ್ತ ಸೀಲೆಂಟ್, ಅಂದರೆ ನೀರು ಇಳಿಯದಂತೆ ಸಂದು ಮುಚ್ಚುವ ಅಂಟು, ಹಾಕಿರುತ್ತಾರೆ. ವರ್ಷಾನುಗಟ್ಟಲೆ ಬಿಸಿಲಿಗೆ ಆ ಸೀಲೆಂಟ್ ಒಣಗಿ ಬಿರುಕು ಬಿಡುತ್ತದೆ. ಗಾಡಿ ಬಳಸುತ್ತಿರುವವರಿಗೆ ಮೊದಲ ಹನಿ ಬಿದ್ದಾಗಲೇ ಗೊತ್ತಾಗುತ್ತದೆ, ಮುಚ್ಚಿಬಿಡುತ್ತಾರೆ. ಬಾಗಿಲು ಹಾಕಿ ನಿಲ್ಲಿಸಿದ ಗಾಡಿಯಲ್ಲಿ ಅದೇ ಹನಿ ಪ್ರತಿ ಮಳೆಗೂ ಇಳಿಯುತ್ತಲೇ ಇರುತ್ತದೆ. ಹಳೆಯ ಎಷ್ಟೋ ಗಾಡಿಗಳ ಗೋಡೆ ಹೊರಗೆ ತೆಳ್ಳನೆ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ಒಳಗೆ ಪ್ಲೈವುಡ್, ನಡುವೆ ಫೋಮ್ ಮತ್ತು ಮರದ ಪಟ್ಟಿ. ಆ ನಡುವೆ ಸೇರಿಕೊಂಡ ನೀರು ಆರುವುದೇ ಕಷ್ಟ.

ಅದಕ್ಕೆ ಒಳಗೆ ಕಾಲಿಟ್ಟ ಕೂಡಲೇ ಮಾತಾಡಬೇಡಿ, ಮೂಸಿ ನೋಡಿ. ಬೂಷ್ಟಿನ ವಾಸನೆ ಮುಚ್ಚಿಡುವುದು ಸುಲಭವಲ್ಲ. ಸೆಂಟಿನ ಸ್ಪ್ರೇ ಮೂಗಿಗೆ ಹೊಡೆಯುವಷ್ಟಿದ್ದರೆ ಅನುಮಾನ ಪಡಿ. ಮೇಲಿನ ಕಪಾಟುಗಳನ್ನು ತೆಗೆದು ಮೂಲೆ ಮೂಲೆಗೂ ಟಾರ್ಚ್ ಬಿಡಿ. ಕಿಟಕಿಯ ಕೆಳಗೆ, ಹಾಸಿಗೆಯ ಅಡಿ, ಬಾಗಿಲ ಹತ್ತಿರದ ನೆಲ, ಎಲ್ಲ ಕಡೆ ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ತಗ್ಗಿದರೆ ಆ ಮರ ಹೋಯಿತು ಅಂತಲೇ ಲೆಕ್ಕ. ಹೊರಗೆ ಬಂದು ಗೋಡೆಯನ್ನು ಓರೆಯಿಂದ ನೋಡಿ. ಬೊಬ್ಬೆ ಎದ್ದ ಹಾಗೆ ಉಬ್ಬಿದ್ದರೆ ಹಾಳೆ ಒಳಗಿನ ಪದರದಿಂದ ಬಿಟ್ಟುಕೊಂಡಿದೆ. ತೇವ ಅಳೆಯುವ ಮೀಟರ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಯಾರಿಂದಲಾದರೂ ಕೇಳಿ ತೆಗೆದುಕೊಂಡು ಹೋಗಿ. ಶೇಕಡಾ 15ರ ಒಳಗಿದ್ದರೆ ನೆಮ್ಮದಿ. 20 ದಾಟಿದರೆ ನೀರಿನ ದಾರಿ ಹುಡುಕಲೇಬೇಕು. 30 ದಾಟಿದ ಗಾಡಿಗೆ ನಾನು ಚೌಕಾಸಿಗೂ ಕೂರುವುದಿಲ್ಲ, ಎಷ್ಟೇ ಕಡಿಮೆಗೆ ಬಂದರೂ ಸರಿ.

ಟೈರು ನೋಡಿ ಮೋಸ ಹೋಗುವವರೂ ಬಹಳ. ಓಡದ ಗಾಡಿ ಅಲ್ವಾ, ಟೈರಿನ ಗೆರೆ ಹೊಸದರಂತೆ ಆಳವಾಗಿರುತ್ತದೆ. ಆದರೆ ರಬ್ಬರಿಗೆ ವಯಸ್ಸಾಗುವುದು ಓಡುವುದರಿಂದ ಮಾತ್ರ ಅಲ್ಲ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಅಂತಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದ ಟೈರು. ಕೆಲವು ಸಲ ಆ ಅಂಕಿ ಒಳಬದಿಯಲ್ಲಿರುತ್ತದೆ, ಬಗ್ಗಿ ನೋಡಬೇಕು. ಹತ್ತು ವರ್ಷ ದಾಟಿದ ಟೈರನ್ನು ಗೆರೆ ಚೆನ್ನಾಗಿದ್ದರೂ ಬದಲಿಸಿ ಅಂತ ದೊಡ್ಡ ಟೈರು ಕಂಪನಿಗಳೇ ಹೇಳುತ್ತವೆ. ಇಷ್ಟು ಭಾರದ ಗಾಡಿ, ಒಳಗೆ ಮನೆಮಂದಿ. ವೇಗದಲ್ಲಿ ಹೋಗುವಾಗ ಟೈರು ಸಿಡಿದರೆ ಏನು ಗತಿ? ಸ್ಟೆಪ್ನಿಯನ್ನೂ ಮರೆಯಬೇಡಿ.

ಬ್ಯಾಟರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದಿದ್ದರೆ ಹೊಸದರ ದುಡ್ಡು ಲೆಕ್ಕಕ್ಕೆ ಸೇರಿಸಿಕೊಳ್ಳಿ, ಅಷ್ಟೇ. ಟೈಮಿಂಗ್ ಬೆಲ್ಟ್ (ಎಂಜಿನ್ ಭಾಗಗಳನ್ನು ತಾಳ ತಪ್ಪದಂತೆ ತಿರುಗಿಸುವ ಪಟ್ಟಿ) ಇರುವ ಎಂಜಿನ್ ಆದರೆ, ಆ ಬೆಲ್ಟ್ ಬದಲಿಸಲು ಕಿಲೋಮೀಟರ್ ಜೊತೆ ವರ್ಷದ ಮಿತಿಯೂ ಇರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದೂ ಹಳತಾಗಿರುತ್ತದೆ. ಪೆಟ್ರೋಲ್ ಕೆಲವೇ ತಿಂಗಳಲ್ಲಿ ಕೆಡುತ್ತದೆ, ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನು ಕಟ್ಟುತ್ತದೆ. ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರಿದರೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಆಗುತ್ತದೆ. ಇಲಿಗಳಂತೂ ಇದ್ದೇ ಇವೆ. ಏರ್ ಫಿಲ್ಟರ್ ಡಬ್ಬಿ ತೆಗೆಸಿ ನೋಡಿ, ಒಳಗೆ ಗೂಡು ಕಂಡರೆ ವೈರುಗಳನ್ನೂ ಒಂದೊಂದಾಗಿ ನೋಡಬೇಕಾಗುತ್ತದೆ.

ಗ್ಯಾಸ್ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ಗ್ಯಾಸ್ ಪೈಪಿನ ಮೇಲೆ ಅಚ್ಚಾದ ತಾರೀಖು ನೋಡಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದಾ ನೋಡಿ. ಬರ್ನರ್ ಕೊಳವೆಗಳಲ್ಲಿ ಜೇಡ ಗೂಡು ಕಟ್ಟುವುದು ಮಾಮೂಲು. ಆಗ ಗಾಳಿ ಸರಿಯಾಗಿ ಬೆರೆಯದೆ ಜ್ವಾಲೆ ನೀಲಿಯ ಬದಲು ಹಳದಿಯಾಗುತ್ತದೆ. ಮುಚ್ಚಿದ ಗಾಡಿಯೊಳಗೆ ಅಂಥ ಜ್ವಾಲೆ ಅಂದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಗ್ಯಾಸ್ ತಿಳಿದವರು ನೋಡಿ ಸರಿ ಅನ್ನುವವರೆಗೆ ಒಲೆ ಹಚ್ಚಬೇಡಿ.

ಮಾರುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಓಡಿಸುತ್ತಿದ್ದವರಿಗೆ ವಯಸ್ಸಾಯಿತು, ಹುಷಾರು ತಪ್ಪಿತು, ಮಕ್ಕಳಿಗೆ ಆಸಕ್ತಿ ಇಲ್ಲ, ಗಾಡಿ ಮೂಲೆ ಸೇರಿತು. ಅದಕ್ಕೇ ಬೆಲೆ ಕೇಳುವ ಮೊದಲು “ಯಾಕೆ ನಿಲ್ಲಿಸಿದಿರಿ?” ಅಂತ ಕೇಳಿ. ಏನೋ ಕೆಟ್ಟು, ರಿಪೇರಿಗೆ ಖರ್ಚು ಜಾಸ್ತಿ ಅಂತ ನಿಲ್ಲಿಸಿದ್ದರೆ ಆ ಕೆಡುಕು ಇವತ್ತಿಗೂ ಅಲ್ಲೇ ಇರುತ್ತದೆ.

ಹೋಗುವ ಹಿಂದಿನ ದಿನ ಫೋನ್ ಮಾಡಿ ಎರಡು ಮಾತು ಕೇಳಿಕೊಳ್ಳಿ. ಒಂದು, ಫ್ರಿಜ್ಜನ್ನು ಕರೆಂಟಿಗೆ ಹಾಕಿ ರಾತ್ರಿಯೇ ಆನ್ ಮಾಡಿಡಿ ಅಂತ. ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಇಂಥ ಫ್ರಿಜ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ನೀವು ನಿಂತ ಅರ್ಧ ಗಂಟೆಯಲ್ಲಿ ಏನೂ ತಿಳಿಯುವುದಿಲ್ಲ. ಅದರ ಹಿಂದೆ ಹಳದಿ ಪುಡಿಯೋ ಮೂಗು ಸುಡುವ ಅಮೋನಿಯ ವಾಸನೆಯೋ ಇದ್ದರೆ ಫ್ರಿಜ್ ಮುಗಿದ ಹಾಗೆ. ಇನ್ನೊಂದು, ನಾನು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇನೇ ಅದರ ತೊಂದರೆ ಚೆನ್ನಾಗಿ ಗೊತ್ತಾಗುವುದು. ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿಲಿಲ್ಲದ ಹೊತ್ತಲ್ಲೂ ಬೆಚ್ಚಗಿದ್ದರೆ ಆಗಲೇ ಸ್ಟಾರ್ಟ್ ಮಾಡಿದ್ದಾರೆ. ಜಗಳ ಬೇಡ, ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಅಂತ ಹೇಳಿ. ಆದರೆ ಅವತ್ತು ಕೂಡ ಏಣಿ ಹತ್ತಿ ಛಾವಣಿ ನೋಡಿಯೇ ಹೊರಡಿ.