ಅಣೆಕಟ್ಟಿಗೆ ಮೊದಲು ಕಾವೇರಿಯ ಮೀನು ಎಲ್ಲಿಯವರೆಗೆ ಹತ್ತುತ್ತಿತ್ತು?

(ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿಯಲ್ಲಿ ಕನ್ನಡಿಗರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಅಂಚೆಟ್ಟಿಯ ಹಿರಿಯರೇ, ತಾಯಂದಿರೇ, ಹೊಳೆಯ ದಂಡೆಯ ಊರುಗಳಿಂದ ಬಂದಿರುವ ಬಂಧುಗಳೇ,

ಕಾವೇರಿ ತಮಿಳುನಾಡಿಗೆ ದಾಟುವ ನಿಮ್ಮ ಪಕ್ಕದ ಬಿಳಿಗುಂಡ್ಲುವಿನ ಹೆಸರು ದೆಹಲಿಯವರೆಗೂ ಹೋಗಿದೆ. ಕರ್ನಾಟಕದಿಂದ ವರ್ಷಕ್ಕೆ 177.25 ಟಿಎಂಸಿ ನೀರು ಆ ಜಾಗ ದಾಟಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಅಲ್ಲಿ ನೀರಿನ ಅಳತೆ ನಡೆಯುತ್ತದೆ. ಆದರೆ ಅದೇ ನೀರನ್ನು ಎದುರಿಸಿ ಕೆಳಗಿನಿಂದ ಮೇಲಕ್ಕೆ ಯಾವ ಮೀನು ಬರುತ್ತಿತ್ತು, ಯಾವಾಗ ಬರುವುದನ್ನು ಬಿಟ್ಟಿತು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ನನಗೆ ಅದು ಸಣ್ಣ ಪ್ರಶ್ನೆಯಾಗಿ ಕಾಣುವುದಿಲ್ಲ.

ಮೊದಲು ಕಡಲಿನಿಂದ ಬರುವ ಮೀನಿನ ಮಾತು. ತಮಿಳರು ಉಲ್ಲಂ ಎನ್ನುತ್ತಾರೆ, ಗೋದಾವರಿ ಸೀಮೆಯವರು ಪುಲಸ, ಬಂಗಾಳಿಗಳು ಇಲಿಶ್. ಉಪ್ಪುನೀರಿನಲ್ಲಿ ಬೆಳೆದು, ಮೊಟ್ಟೆ ಇಡಲು ಸಿಹಿನೀರಿಗೆ ಹತ್ತುವ ಜಾತಿ. ಹೊಳೆ ಕೆಂಪಾಗಿ ತುಂಬಿ ಸಮುದ್ರಕ್ಕೆ ಬಿದ್ದಾಗ ಅದು ಅಳಿವೆಯ ಕಡೆ ತಿರುಗುತ್ತದೆ. ಕಾವೇರಿಗೆ ಆ ಕೆಂಪು ನೀರು ಬರುವುದು ಬಹುಪಾಲು ಕೊಡಗಿನ ಮುಂಗಾರಿನಿಂದ. ತಲಕಾವೇರಿಯ ಬೆಟ್ಟದಲ್ಲಿ ಸುರಿದ ಮಳೆ ಬಂಗಾಳಕೊಲ್ಲಿಯ ಮೀನನ್ನು ಕರೆಯುತ್ತಿತ್ತು! ಇದನ್ನು ನೆನೆದಾಗಲೆಲ್ಲ ನನಗೆ ಬೆರಗು.

1830ರ ದಶಕದಲ್ಲಿ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಕಾವೇರಿಯ ಕವಲಾದ ಕೊಲ್ಲಿಡಂಗೆ ಎರಡು ಅಣೆಗಳನ್ನು ಕಟ್ಟಿಸಿದರು. ತಿರುಚ್ಚಿಯ ಬಳಿ ಮೇಲಣೆ, ಇನ್ನೂ ಕೆಳಗೆ ಕೀಳಣೆ. ತಂಜಾವೂರಿನ ಗದ್ದೆಗಳಿಗೆ ಅವು ಅನ್ನ ಕೊಟ್ಟವು, ಅದನ್ನು ಅಲ್ಲಗಳೆಯಲಾಗದು. ಮೀನಿಗೆ ಮಾತ್ರ ಬಾಗಿಲು ಮುಚ್ಚಿತು. ಸೇನೆಯ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ ಅವರು ಊರೂರಿನ ಅಧಿಕಾರಿಗಳಿಂದ ಉತ್ತರ ತರಿಸಿಕೊಂಡು 1873ರಲ್ಲಿ ಸಿಹಿನೀರಿನ ಮೀನುಗಾರಿಕೆಯ ವರದಿ ಬರೆದರು. ಮೇಲೇರಲಾಗದೆ ಅಣೆಯ ಬುಡದಲ್ಲಿ ಒಟ್ಟಾಗುವ ಮೀನನ್ನು ಹೇಗೆ ಬಾಚಿಕೊಳ್ಳುತ್ತಾರೆ ಎಂಬ ಚಿಂತೆ ಅವರಿಗೆ ಆಗಲೇ ಇತ್ತು. ಮುಂದೆ ಕೀಳಣೆಯಲ್ಲಿ, ಮೀನು ಮೆಟ್ಟಿಲೇರಿದಂತೆ ಹತ್ತಲೆಂದು, ಮೀನೇಣಿ ಕಟ್ಟಿ ನೋಡಿದರು, ಫಲಿಸಲಿಲ್ಲ. ಸಾಲ್ಮನ್ ಮೀನು ನೆಗೆದು ಹೋಗುತ್ತದೆ; ಉಲ್ಲಂಗೆ ನೆಗೆತ ಬಾರದು.

ಆಮೇಲೆ 1934ರಲ್ಲಿ ಮೆಟ್ಟೂರು. 214 ಅಡಿ ಎತ್ತರ, 93 ಟಿಎಂಸಿಗೂ ಮೀರಿದ ನೀರು. ಅದು ಮುಂಗಾರಿನ ಪ್ರವಾಹವನ್ನೇ ಹಿಡಿದಿಟ್ಟಿತು. ಕರೆಯುವ ನೀರೇ ಕಡಲಿಗೆ ತಲುಪದಿದ್ದರೆ ಕೆಳಗಿನ ಅಣೆಯವರೆಗಾದರೂ ಮೀನು ಯಾಕೆ ಬಂದೀತು? ಗಂಗೆಯಲ್ಲೂ ಇದೇ ಕಥೆ. ಅಲಹಾಬಾದಿನಾಚೆಗೂ ಹೋಗುತ್ತಿದ್ದ ಇಲಿಶ್, 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಮೇಲಿನ ಊರುಗಳಲ್ಲಿ ಅಪರೂಪವಾಯಿತು.

ಉಲ್ಲಂ ಬಿಳಿಗುಂಡ್ಲುವರೆಗೂ ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ನೆಗೆಯದ ಮೀನು ಹೊಗೇನಕಲ್ಲಿನ ಧುಮುಕು ದಾಟಲಾರದು. ಪ್ರಕೃತಿಯೂ ಗಡಿ ಹಾಕಿರುತ್ತದೆ. ಮೀನಿನ ಹಳೆಯ ದಾರಿಯ ನಕ್ಷೆ ಬರೆಯುವವರು ಬಂಡೆಯ ಗಡಿ ಯಾವುದು, ಕಾಂಕ್ರೀಟಿನ ಗಡಿ ಯಾವುದು ಎಂದು ಬಿಡಿಸಿ ನೋಡಬೇಕು. ಕಳೆದುಕೊಂಡದ್ದನ್ನು ಹಿಗ್ಗಿಸಿ ಹೇಳಿದರೆ ನಿಜವಾದ ನಷ್ಟವನ್ನೂ ಜನ ನಂಬುವುದಿಲ್ಲ.

ಹಾವುಮೀನಿನ ದಾರಿ ತದ್ವಿರುದ್ಧ. ತಮಿಳಿನಲ್ಲಿ ವಿಲಾಂಗು. ಅದು ಹುಟ್ಟುವುದು ಆಳ ಕಡಲಿನಲ್ಲಿ. ಗಾಜಿನಂತೆ ಪಾರದರ್ಶಕವಾದ ಮರಿ ಅಳಿವೆ ಹೊಕ್ಕು ಹೊಳೆ ಹತ್ತುತ್ತದೆ. ಮರಿಗಳು ಒದ್ದೆ ಬಂಡೆಗೆ ಅಂಟಿಕೊಂಡು ತೆವಳಬಲ್ಲವು, ಆದ್ದರಿಂದ ಬಂಡೆಯ ಇಳಿಜಾರೂ ತಗ್ಗು ಅಣೆಯೂ ಅವಕ್ಕೆ ಪೂರ್ತಿ ತಡೆಯಲ್ಲ. ಮೆಟ್ಟೂರಿನಂಥ ಗೋಡೆಯ ಮಾತು ಬೇರೆ. ಹೊಳೆಯಲ್ಲಿ ವರ್ಷಾನುಗಟ್ಟಲೆ ಬೆಳೆದ ಹಾವುಮೀನು ಬಾಳಿನಲ್ಲಿ ಒಮ್ಮೆ ಮೊಟ್ಟೆ ಇಡಲು ಕಡಲಿಗೆ ಮರಳಬೇಕು. ಮರಳುವ ದಾರಿಗೂ ಅದೇ ಗೋಡೆ ಅಡ್ಡ. ಅದರ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ಸ್ಟ್ರಾನ್ಷಿಯಂ ಎಂಬ ಧಾತುವನ್ನು ಅಳೆದರೆ ಎಷ್ಟು ಕಾಲ ಉಪ್ಪುನೀರಿನಲ್ಲಿತ್ತು, ಎಷ್ಟು ಕಾಲ ಸಿಹಿನೀರಿನಲ್ಲಿತ್ತು ಎಂದು ತಿಳಿಯುತ್ತದೆ. ಮೀನು ತನ್ನ ಪಯಣದ ದಾಖಲೆಯನ್ನು ತಾನೇ ಹೊತ್ತಿರುತ್ತದೆ.

ಕಡಲಿಗೆ ಹೋಗದೆ ಹೊಳೆಯೊಳಗೇ ಏರಿಳಿಯುವ ಮೀನುಗಳೂ ಇವೆ. ಮೊದಲ ಮಳೆಗೆ ಹಳ್ಳ ಏರುವುದನ್ನು ಮಲೆನಾಡಿನವರು ಹತ್ತುಮೀನು ಎಂದೇ ಕರೆಯುತ್ತಾರೆ. ಅವುಗಳಲ್ಲಿ ದೊಡ್ಡದು ಕಾವೇರಿಯ ಗೂನುಬೆನ್ನಿನ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಗೂನುಬೆನ್ನಿನದು ಕಾವೇರಿ ಸೀಮೆ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅದಕ್ಕೆ ಆಳವಾದ ಮಡುವೂ ಬೇಕು, ಓಡುವ ನೀರಿನ ಗರಸು ತಳವೂ ಬೇಕು, ಎರಡರ ನಡುವೆ ಬಿಚ್ಚಿದ ದಾರಿಯೂ ಬೇಕು.

ಈಗ ಮೆಟ್ಟೂರು ಕಡೆಯ ಮೀನಂಗಡಿಗೆ ಹೋದರೆ ಕಾಟ್ಲಾ, ರೋಹು, ಜಿಲೇಬಿ ಮೀನು ಸಿಗುತ್ತವೆ. ಕಾಟ್ಲಾ, ರೋಹು ಉತ್ತರದ ಹೊಳೆಗಳವು, ತಂದು ಬಿಟ್ಟದ್ದು. ಜಿಲೇಬಿ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಬಂತು. ನಮ್ಮ ಮಕ್ಕಳು ಇವನ್ನೇ ಕಾವೇರಿ ಮೀನು ಎಂದುಕೊಂಡು ಬೆಳೆಯುತ್ತಿದ್ದಾರೆ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ. ಮೀನು ಹೋದದ್ದಲ್ಲದೆ, ಇತ್ತು ಎಂಬ ನೆನಪೂ ಹೋಗುತ್ತಿದೆ.

ಮೇಕೆದಾಟಿನಲ್ಲಿ ಇನ್ನೊಂದು ಅಣೆಕಟ್ಟಿನ ಮಾತು ನಡೆದಿದೆ. ಪರವೋ ವಿರೋಧವೋ, ಅದು ನಿಮಗೆ ಬಿಟ್ಟದ್ದು. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಿಂದ ಹೊಗೇನಕಲ್‌ವರೆಗೆ ಯಾವ ಮೀನು ಯಾವ ಮಡುವಿನಿಂದ ಯಾವ ಹಳ್ಳಕ್ಕೆ ಏರುತ್ತದೆ ಎಂಬುದನ್ನು ಬರೆದಿಡುವ ಕೆಲಸ ಮಾತ್ರ ಎರಡೂ ಕಡೆಯವರಿಗೆ ಬೇಕಾದದ್ದು. ಹರಿಗೋಲು ಹಾಕಿದ, ಬಲೆ ಬಿಟ್ಟ ಹಿರಿಯರು ಈ ಸಭೆಯಲ್ಲಿದ್ದೀರಿ. ನಿಮ್ಮ ತಾತಂದಿರು ಹಾವುಮೀನನ್ನು ಯಾವ ಬಂಡೆಯ ಸಂದಿಯಲ್ಲಿ ಹಿಡಿಯುತ್ತಿದ್ದರು, ಯಾವ ತಿಂಗಳಲ್ಲಿ, ಎಷ್ಟು ಉದ್ದದ್ದು? ದೊಡ್ಡ ಮಹಶೀರ್ ಎಲ್ಲಿ ಮೊಟ್ಟೆ ಇಡುತ್ತಿತ್ತು? ಕಾಗದ ತಂದಿದ್ದೇನೆ. ಒಬ್ಬೊಬ್ಬರಾಗಿ ಹೇಳಿ, ಬರೆದುಕೊಳ್ಳುತ್ತೇನೆ.